ಕವರಿನ ಮೇಲಿನ ವಿಳಾಸ ನಿಮ್ಮ ಕೈಯಿಂದಲೇ: ಅಂಧರು ಲೇಬಲ್ ಮುದ್ರಿಸಿ ಅಂಚೆ ಕಳಿಸಲು ಸಮಗ್ರ ಮಾರ್ಗದರ್ಶಿ

ಅರ್ಜಿಯನ್ನೋ ಪತ್ರವನ್ನೋ ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಹಾಕಿಕೊಂಡು ತಾವೇ ಟೈಪ್ ಮಾಡಿ ಮುಗಿಸುವ ಅಂಧರು, ಕವರಿನ ಮೇಲೆ ವಿಳಾಸ ಬರೆಸಲು ಮಾತ್ರ ಮನೆಯವರ ಬಿಡುವಿಗಾಗಿ ಕಾಯುತ್ತಾರೆ. ಲೇಬಲ್ ಮುದ್ರಿಸಲು ಹೊರಟವರೂ ಒಂದೆರಡು ಹಾಳೆ ಕೆಟ್ಟ ಮೇಲೆ ಕೈಬಿಡುತ್ತಾರೆ. ನನ್ನ ಬಳಿ ಕಂಪ್ಯೂಟರ್ ಕಲಿಯಲು ಬರುವವರು ಹೇಳುವ ದೂರುಗಳು ಹೆಚ್ಚೂಕಡಿಮೆ ಇವೇ: "ಎಲ್ಲಾ ಸರಿಯಾಗೇ ಓದ್ತು ಮೇಡಂ, ಪ್ರಿಂಟ್ ಮಾತ್ರ ಹಾಳೆ ಹಿಂದ್ಗಡೆ ಬಂದಿದೆ." "ಪಿನ್ ಕೋಡೇ ಇಲ್ಲ ಅಂತ ಪೋಸ್ಟ್‌ಮ್ಯಾನ್ ವಾಪಸ್ ತಂದ್ರು."

ಕಣ್ಣಿದ್ದವರು ಕೊನೆಗೊಮ್ಮೆ ನೋಡಿ ತಪ್ಪು ತಿದ್ದಿಕೊಳ್ಳುತ್ತಾರೆ. ಕಣ್ಣಿಲ್ಲದವರು ತಪ್ಪನ್ನು ಕೊನೆಯವರೆಗೆ ಉಳಿಸಿಕೊಳ್ಳುವ ಹಾಗಿಲ್ಲ. ಒಂದೊಂದು ಹಂತ ಮುಗಿದಾಗಲೂ ಕೈಯಿಂದಲೋ ಕಿವಿಯಿಂದಲೋ ಖಚಿತ ಮಾಡಿಕೊಂಡೇ ಮುಂದಿನದಕ್ಕೆ ಹೋಗಬೇಕು. ಕೆಳಗಿನ ಹಂತಗಳನ್ನು ಹಾಗೆಯೇ ಜೋಡಿಸಿದ್ದೇನೆ. ಮೊದಲ ಸಲ ಮಾಡುವಾಗ ಯಾವುದನ್ನೂ ಹಾರಿಸಬೇಡಿ, ಹಿಂದುಮುಂದು ಮಾಡಬೇಡಿ.

ಕಂಪ್ಯೂಟರಿನ ಸೂಚನೆಗಳೆಲ್ಲ ವಿಂಡೋಸ್, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮತ್ತು ಮೈಕ್ರೋಸಾಫ್ಟ್ ವರ್ಡ್ ಬಳಸುವವರಿಗಾಗಿ. ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಇರುವವರಿಗೂ ವರ್ಡ್‌ನ ಕೀಲಿಗಳು ಇವೇ.

## ಹಂತ 1: ಸಾಮಾನು ಜೋಡಿಸಿಕೊಳ್ಳಿ

ಕಂಪ್ಯೂಟರ್, ಪ್ರಿಂಟರ್ ಮತ್ತು ಕ್ಯಾಮೆರಾ ಇರುವ ಸ್ಮಾರ್ಟ್‌ಫೋನ್ ಬೇಕೇ ಬೇಕು. ಎನ್‌ವಿಡಿಎ ಉಚಿತ, ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡ ಇದೆ. ಧ್ವನಿ ಯಾಂತ್ರಿಕವಾಗಿದ್ದರೂ ಅಕ್ಷರ ಅಕ್ಷರವಾಗಿ ಪರೀಕ್ಷಿಸಲು ಅದೇ ಸಾಕು. ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಇರಲಿ, ಫೋಟೋದಲ್ಲಿನ ಅಕ್ಷರ ಗುರುತಿಸುವ ಗೂಗಲ್ ಲೆನ್ಸ್ ಇರಲಿ. ಲೆನ್ಸ್ ಮುದ್ರಿತ ಕನ್ನಡವನ್ನೂ ಗುರುತಿಸುತ್ತದೆ.

ಇವಲ್ಲದೆ ಎ4 ಅಳತೆಯ ಲೇಬಲ್ ಹಾಳೆಗಳು, ಸಾದಾ ಎ4 ಹಾಳೆಗಳು, ಬ್ರೈಲ್ ಚುಕ್ಕೆ ಒತ್ತುವ ಸ್ಲೇಟ್ ಮತ್ತು ಸ್ಟೈಲಸ್ (ಮೊನೆಕಡ್ಡಿ), ಒಂದು ದಪ್ಪ ರಟ್ಟು, ಗ್ಲೂ ಸ್ಟಿಕ್. ಸ್ಲೇಟ್ ಇಲ್ಲದವರು ದಪ್ಪ ಸೂಜಿ ಇಟ್ಟುಕೊಳ್ಳಿ.

ಲೇಬಲ್ ಹಾಳೆ ಕೊಳ್ಳುವಾಗ ಅಂಗಡಿಯವರು ಸಾಮಾನ್ಯವಾಗಿ 24 ಲೇಬಲ್‌ನ ಹಾಳೆ ಕೊಡುತ್ತಾರೆ. ಅದು ಬೇಡ. ಅದರ ಒಂದೊಂದು ಲೇಬಲ್ಲೂ ಸುಮಾರು 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ. ಹೆಸರು, ಮನೆ, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲ ಇರುವ ನಮ್ಮ ಹಳ್ಳಿ ವಿಳಾಸ ಅದರಲ್ಲಿ ಕೂರುವುದಿಲ್ಲ. ಹಾಳೆಗೆ 12 ಲೇಬಲ್ ಇರುವುದನ್ನೇ ಕೇಳಿ. ಒಂದೊಂದೂ ಸುಮಾರು 100 ಮಿ.ಮೀ. ಅಗಲ, 44 ಮಿ.ಮೀ. ಎತ್ತರ ಇರುತ್ತದೆ. ಹಾಳೆ ಒಂದೆರಡು ಮಿ.ಮೀ. ಜರುಗಿದರೂ ಅಕ್ಷರ ಲೇಬಲ್ಲಿನೊಳಗೇ ಉಳಿಯುತ್ತದೆ. ಪೊಟ್ಟಣದ ಮೇಲಿರುವ ಅಳತೆ ಮತ್ತು ಸಂಖ್ಯೆಯನ್ನು ಅಂಗಡಿಯವರಿಂದಲೇ ಓದಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹಂತ 4ರಲ್ಲಿ ಅದು ಬೇಕಾಗುತ್ತದೆ.

ತಿಂಗಳಿಗೆ ನೂರಾರು ಕವರ್ ಕಳಿಸುವ ಸಂಘ ಸಂಸ್ಥೆಯವರಾದರೆ ಥರ್ಮಲ್ ಲೇಬಲ್ ಪ್ರಿಂಟರ್ ಬಗ್ಗೆ ಯೋಚಿಸಿ. ಲೇಬಲ್ಲುಗಳು ಸುರುಳಿಯಲ್ಲಿ ಬರುತ್ತವೆ, ಒಂದೊಂದಾಗಿ ಹೊರಬರುತ್ತವೆ, ಶಾಯಿ ಬೇಕಿಲ್ಲ. ಹಾಳೆ ತಲೆಕೆಳಗಾಗುವ ತಾಪತ್ರಯವೇ ಇರುವುದಿಲ್ಲ. ಅಪರೂಪಕ್ಕೆ ನಾಲ್ಕು ಪತ್ರ ಹಾಕುವವರಿಗೆ ಆ ಖರ್ಚು ಬೇಡ.

## ಹಂತ 2: ವಿಳಾಸದ ಪಟ್ಟಿ ಸರಿಪಡಿಸಿ

ಹೆಚ್ಚಿನವರು ನೇರವಾಗಿ ಪ್ರಿಂಟರಿಗೆ ಹೋಗುತ್ತಾರೆ. ಆದರೆ ಅರ್ಧಕ್ಕರ್ಧ ತೊಂದರೆ ಹುಟ್ಟುವುದು ಇಲ್ಲಿ.

ಮೊದಲ ಪರೀಕ್ಷೆ ಅಕ್ಷರದ್ದು. ಬೇರೆಯವರು ಕೊಟ್ಟ ವಿಳಾಸದ ಕಡತ ತೆರೆದಾಗ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಓದುತ್ತಿದ್ದರೆ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಅದು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಇನ್ಸರ್ಟ್ ಹಿಡಿದು ಎಫ್ ಒತ್ತಿ. ಫಾಂಟಿನ ಹೆಸರು ಕೇಳುತ್ತದೆ. "ನುಡಿ 01 ಇ" ಅಂಥ ಹೆಸರು ಬಂದರೆ ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರೂ ಕನ್ನಡವೆಂದೇ ಗುರುತಿಸುವ ರೂಪಕ್ಕೆ, ಬದಲಿಸಿ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಕೇಳಿ. ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳು ಪರಿವರ್ತನೆಯಲ್ಲಿ ಕೆಡುವುದುಂಟು. ಹೊಸದಾಗಿ ಟೈಪ್ ಮಾಡುವವರು ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಲಿಮಣೆ ಬಳಸಿ, ನಿರ್ಮಲಾ ಯುಐ ಫಾಂಟ್ ಇಡಿ.

ತಿದ್ದುವಾಗ ಒಂದು ವಿಷಯ ನೆನಪಿರಲಿ. ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತು, ಸ್ವರಚಿಹ್ನೆ ಒಂದೊಂದಾಗಿ ಅಳಿಯುತ್ತವೆ. ಡಿಲೀಟ್ ಒತ್ತಿದರೆ ಇಡೀ ಅಕ್ಷರವೇ ಹೋಗುತ್ತದೆ. "ಕೃಷ್ಣ"ದ ಕೊನೆಯ ಒತ್ತು ಮಾತ್ರ ತಿದ್ದಬೇಕಿದ್ದರೆ ಬ್ಯಾಕ್‌ಸ್ಪೇಸೇ ಸರಿ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡಿ. ಮೊದಲ ಸಾಲಿನಲ್ಲಿ ಶೀರ್ಷಿಕೆಗಳು: ಹೆಸರು, ಮನೆ ಮತ್ತು ಬೀದಿ, ಊರು ಮತ್ತು ಅಂಚೆ, ತಾಲ್ಲೂಕು, ಜಿಲ್ಲೆ ಮತ್ತು ಪಿನ್, ಮೊಬೈಲ್. ಒಬ್ಬರಿಗೆ ಒಂದು ಸಾಲು. ವಿಳಾಸ ಪೂರ್ತಿಯಾಗಿ ಒಂದೇ ಕೋಶದಲ್ಲಿ (ಸೆಲ್) ತುರುಕಬೇಡಿ.

ಪಿನ್ 6 ಅಂಕಿ. ಕರ್ನಾಟಕದ ಪಿನ್‌ಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುತ್ತವೆ. ಶಿರಸಿ 581401, ಮೈಸೂರು 570001, ಬೆಂಗಳೂರು ಜಿಪಿಒ 560001. ರಾಜ್ಯದೊಳಗಿನ ವಿಳಾಸಕ್ಕೆ ಪಿನ್ 65 ಅಂತಲೋ 85 ಅಂತಲೋ ಕೇಳಿಸಿದರೆ ಅಂಕಿ ಅದಲುಬದಲಾಗಿದೆ ಅಂತ ಅರ್ಥ. ಎನ್‌ವಿಡಿಎ ಪಿನ್ನನ್ನು "ಐದು ಲಕ್ಷ ಎಂಬತ್ತೊಂದು ಸಾವಿರ" ಎಂದು ಓದಿಬಿಡಬಹುದು. ಆಗ ತಪ್ಪು ಕಿವಿಗೆ ಸಿಗುವುದಿಲ್ಲ. ಕೋಶದೊಳಗೆ ಎಫ್2 ಒತ್ತಿ, ಬಾಣದ ಕೀಲಿಯಿಂದ ಒಂದೊಂದೇ ಅಂಕಿ ಕೇಳಿ. ವಿಳಾಸ ಕನ್ನಡದಲ್ಲಿದ್ದರೂ ಪಿನ್ ಕನ್ನಡ ಅಂಕಿಗಳಲ್ಲಿ ಬೇಡ. ಹೊರರಾಜ್ಯಕ್ಕೆ ಹೋಗುವ ಕವರಿಗೆ ವಿಳಾಸವನ್ನೇ ಇಂಗ್ಲಿಷಿನಲ್ಲಿ ಹಾಕಿ, ರಾಜ್ಯದ ಹೆಸರು ಸೇರಿಸಿ.

ಮೊಬೈಲ್ ಸಂಖ್ಯೆಗೆ ಮುಂದೆ 91 ಸೇರಿಸಬೇಡಿ. 12 ಅಂಕಿಯಾದರೆ ಎಕ್ಸೆಲ್ ಅದನ್ನು ಬಿಂದು, ಇ, ಪ್ಲಸ್ ಸೇರಿಸಿ ಮೊಟಕು ಮಾಡಿ ತೋರಿಸುತ್ತದೆ. 10 ಅಂಕಿ ಸಾಕು. ಆ ಕಾಲಮ್ಮನ್ನು ಟೆಕ್ಸ್ಟ್ ಆಗಿ ಗುರುತಿಸಿ.

ಕಡತವನ್ನು ಎಕ್ಸೆಲ್‌ನ ಸಾಮಾನ್ಯ ರೂಪದಲ್ಲೇ ಉಳಿಸಿ. ಸಾದಾ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಆಗಿ ಉಳಿಸಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮತ್ತೆ ತೆರೆದಾಗ ಸಾಲು ಸಾಲು "ಕ್ವೆಶ್ಚನ್ ಕ್ವೆಶ್ಚನ್" ಎಂದು ಕೇಳಿದರೆ ಆ ಕಡತದಿಂದ ಕನ್ನಡ ಮರಳಿ ಬರುವುದಿಲ್ಲ. ಮೂಲ ಕಡತವೇ ಬೇಕು. ಅದಕ್ಕೆ ಒಂದು ಪ್ರತಿ ಬೇರೆ ಕಡೆ ಇಟ್ಟಿರಿ.

## ಹಂತ 3: ಪ್ರಿಂಟರಿನ ದಿಕ್ಕು ಒಮ್ಮೆ ಕಂಡುಹಿಡಿದು ಗುರುತು ಹಾಕಿ

ಹಾಳೆ ಯಾವ ಮುಖ ಮೇಲಾಗಿ, ಯಾವ ತುದಿ ಒಳಗಾಗಿ ಹೋಗಬೇಕು ಅನ್ನುವುದು ಒಂದೊಂದು ಪ್ರಿಂಟರಿನಲ್ಲೂ ಬೇರೆ. ಮುಂದಿನ ತಟ್ಟೆಯಿಂದ ಹಾಳೆ ಎಳೆದುಕೊಳ್ಳುವ ಹಲವು ಪ್ರಿಂಟರುಗಳು ಕೆಳಮುಖಕ್ಕೆ ಮುದ್ರಿಸುತ್ತವೆ. ಹಿಂಬದಿಯಿಂದ ನಿಲ್ಲಿಸಿ ಹಾಕುವವು ನಿಮ್ಮ ಕಡೆಗಿರುವ ಮುಖಕ್ಕೆ. ಊಹೆಗೆ ಬಿಡಬೇಡಿ, ಸಾದಾ ಹಾಳೆಯಲ್ಲಿ ಪರೀಕ್ಷೆ ಮಾಡಿ.

ಒಂದು ಸಾದಾ ಹಾಳೆಯ ಒಂದು ಮೂಲೆಯಲ್ಲಿ, ಅಂಚಿನಿಂದ ಅರ್ಧ ಬೆರಳಗಲ ಒಳಗೆ, ಸ್ಟೈಲಸ್‌ನಿಂದ ಒಂದೇ ಚುಕ್ಕೆ ಒತ್ತಿ. ಮೂಲೆ ಮಡಚಬೇಡಿ, ಸ್ಟಿಕ್ಕರ್ ಅಂಟಿಸಬೇಡಿ. ಎರಡೂ ಪ್ರಿಂಟರಿನೊಳಗೆ ಸಿಕ್ಕಿಕೊಳ್ಳುತ್ತವೆ. ಚುಕ್ಕೆ ಉಬ್ಬಿದ ಮುಖ ಮೇಲೆ ಬರುವಂತೆ, ಚುಕ್ಕೆಯ ಮೂಲೆ ನಿಮ್ಮ ಎಡಗೈಗೆ, ಒಳಹೋಗುವ ತುದಿಯಲ್ಲಿ ಇರುವಂತೆ ಹಾಳೆ ಹಾಕಿ. ವರ್ಡ್‌ನಲ್ಲಿ ಹೊಸ ಪುಟ ತೆರೆದು ಮೊದಲ ಸಾಲಿನಲ್ಲಿ ಎಡಕ್ಕೆ "ಮೇಲೆ ಎಡ" ಎಂದು 48 ಅಳತೆಯ ಅಕ್ಷರದಲ್ಲಿ ಟೈಪ್ ಮಾಡಿ, ಕಂಟ್ರೋಲ್ ಪಿ ಒತ್ತಿ ಮುದ್ರಿಸಿ.

ಹೊರಬಂದ ಹಾಳೆಯನ್ನು ಮೇಜಿನ ಮೇಲೆ, ಚುಕ್ಕೆ ಉಬ್ಬಿದ ಮುಖ ಮೇಲಾಗಿ ಇಡಿ. ಕೋಣೆಯ ದೀಪ ಹಾಕಿ. ಮನೆಯಲ್ಲಿ ಒಬ್ಬರೇ ಇದ್ದಾಗ ದೀಪದ ನೆನಪೇ ಬರುವುದಿಲ್ಲ, ಕ್ಯಾಮೆರಾಕ್ಕೆ ಬೆಳಕಿಲ್ಲದೆ ನಡೆಯುವುದಿಲ್ಲ. ಎರಡೂ ಮೊಣಕೈ ಮೇಜಿಗೆ ಊರಿ, ಫೋನನ್ನು ಹಾಳೆಯ ನಡುವೆ ಮಲಗಿಸಿ, ಹಾಗೇ ನೇರವಾಗಿ ಒಂದು ಅಡಿ ಎತ್ತಿ ಲೆನ್ಸ್‌ನಲ್ಲಿ ಫೋಟೋ ತೆಗೆಯಿರಿ. ಅಕ್ಷರ ಸಿಗದಿದ್ದರೆ ಹಾಳೆ ತಿರುಗಿಸಿ ಹಿಂಬದಿ ತೆಗೆಯಿರಿ. ಯಾವ ಮುಖ ಎಂದು ತಿಳಿಯಿತು. ಇನ್ನು ಯಾವ ಮೂಲೆ? ಹಾಳೆಯ ಅರ್ಧ ಭಾಗವನ್ನು ಪುಸ್ತಕದಿಂದ ಮುಚ್ಚಿ ಮತ್ತೆ ಫೋಟೋ ತೆಗೆಯಿರಿ. ಅಕ್ಷರ ಮಾಯವಾದರೆ ಅದು ಮುಚ್ಚಿದ ಅರ್ಧದಲ್ಲಿತ್ತು. ಹೀಗೆ ಮೇಲೆ ಕೆಳಗೆ, ಎಡ ಬಲ ಎರಡು ಸಲ ಮಾಡಿದರೆ ಮೂಲೆ ಗೊತ್ತಾಗುತ್ತದೆ.

ಸಿಕ್ಕ ಉತ್ತರವನ್ನು ಬ್ರೈಲ್‌ನಲ್ಲಿ ಬರೆದು ಪ್ರಿಂಟರಿನ ಮೈಮೇಲೆ ಅಂಟಿಸಿ: "ಮುಖ ಕೆಳಗೆ, ತಲೆ ಒಳಗೆ" ಅಂತಲೋ, ನಿಮ್ಮ ಪ್ರಿಂಟರಿಗೆ ತಕ್ಕ ಹಾಗೆ. ಈ ಪರೀಕ್ಷೆ ಒಂದು ಪ್ರಿಂಟರಿಗೆ ಒಂದೇ ಸಲ. ಪ್ರಿಂಟರ್ ಬದಲಾದರೆ ಮಾತ್ರ ಮತ್ತೆ.

ಲೇಬಲ್ ಹಾಳೆಯ ಮುಖ ಗುರುತಿಸಲು ಉಗುರು ಸಾಕು. ಹಾಳೆಯ ನಡುವೆ ಮೇಲಿಂದ ಕೆಳಕ್ಕೆ ಉಗುರು ಎಳೆದರೆ ಲೇಬಲ್ಲುಗಳ ನಡುವಿನ ಕತ್ತರಿಸಿದ ಗೆರೆ ಸಣ್ಣಗೆ ತಡೆಯುತ್ತದೆ. ಅದೇ ಮುದ್ರಿಸುವ ಮುಖ. ಹಿಂಬದಿಯಲ್ಲಿ ಉಗುರು ಎಲ್ಲೂ ತಡೆಯದೆ ಜಾರುತ್ತದೆ. ಪೊಟ್ಟಣ ತೆರೆದ ದಿನವೇ ಎಲ್ಲ ಹಾಳೆಗಳ ಮೇಲಿನ ಎಡ ಮೂಲೆಗೆ, ಲೇಬಲ್ಲಿನ ಹೊರಗಿನ ಖಾಲಿ ಅಂಚಿನಲ್ಲಿ, ಒಂದೊಂದು ಚುಕ್ಕೆ ಒತ್ತಿಡಿ.

## ಹಂತ 4: ವರ್ಡ್‌ಗೆ ಲೇಬಲ್ಲಿನ ಅಳತೆ ಹೇಳಿಕೊಡಿ

ವರ್ಡ್ ತೆರೆದು, ಆಲ್ಟ್ ಒತ್ತಿ ಬಿಟ್ಟು, ಎಂ ಒತ್ತಿ, ಎಲ್ ಒತ್ತಿ. ಲೇಬಲ್ಲಿನ ಕಿಟಕಿ ತೆರೆಯುತ್ತದೆ. ಟ್ಯಾಬ್ ಒತ್ತುತ್ತಾ "ಆಪ್ಷನ್ಸ್"ಗೆ ಹೋಗಿ. ನಿಮ್ಮ ಹಾಳೆಯ ಸಂಖ್ಯೆ ಪಟ್ಟಿಯಲ್ಲಿದ್ದರೆ ಆರಿಸಿ. ಇಲ್ಲದಿದ್ದರೆ "ನ್ಯೂ ಲೇಬಲ್" ಒತ್ತಿ ಅಳತೆಗಳನ್ನು ತುಂಬಿ: ಹಾಳೆಯ ಗಾತ್ರ ಎ4, ಅಡ್ಡಕ್ಕೆ 2, ಕೆಳಕ್ಕೆ 6, ಲೇಬಲ್ಲಿನ ಅಗಲ, ಎತ್ತರ, ಮೇಲಿನ ಅಂಚು, ಬದಿಯ ಅಂಚು.

ಇಲ್ಲಿ "ವರ್ಟಿಕಲ್ ಪಿಚ್" ಎಂಬ ಒಂದು ಅಳತೆ ಬರುತ್ತದೆ. ಒಂದು ಲೇಬಲ್ಲಿನ ಮೇಲಂಚಿನಿಂದ ಅದರ ಕೆಳಗಿನ ಲೇಬಲ್ಲಿನ ಮೇಲಂಚಿಗಿರುವ ದೂರ ಅದು. ಲೇಬಲ್ಲುಗಳ ನಡುವೆ ಸಂದು ಇಲ್ಲದಿದ್ದರೆ ಎತ್ತರವೂ ಪಿಚ್ಚೂ ಒಂದೇ. ಸಂದಿದ್ದರೆ ಅದನ್ನೂ ಸೇರಿಸಬೇಕು. ಈ ಅಳತೆಯಲ್ಲಿ 1 ಮಿ.ಮೀ. ತಪ್ಪಿದರೆ ಮೊದಲ ಸಾಲಿನಲ್ಲಿ ಗೊತ್ತೇ ಆಗುವುದಿಲ್ಲ. ಆರನೆಯ ಸಾಲಿಗೆ ಬರುವಷ್ಟರಲ್ಲಿ 5 ಮಿ.ಮೀ. ಜರುಗಿರುತ್ತದೆ. "ಮೇಲಿನವು ಸರಿ ಇವೆ, ಕೆಳಗಿನವು ಗೆರೆ ಮೇಲೆ ಬಂದಿವೆ" ಎಂದು ಯಾರಾದರೂ ಹೇಳಿದರೆ ತಿದ್ದಬೇಕಾದ್ದು ಪಿಚ್ಚನ್ನೇ. ಎಲ್ಲ ಸಾಲೂ ಒಂದೇ ಪ್ರಮಾಣದಲ್ಲಿ ಜರುಗಿದ್ದರೆ ಮಾತ್ರ ಮೇಲಿನ ಅಂಚು ತಿದ್ದಿ.

ಮುಗಿದ ಮೇಲೆ ನಿಮಗೆ ನೆನಪಿರುವ ಹೆಸರು ಕೊಟ್ಟು ಉಳಿಸಿ. ಮುಂದಿನ ಸಲದಿಂದ ಆ ಹೆಸರು ಆರಿಸಿದರೆ ಆಯಿತು.

## ಹಂತ 5: ಒಂದೇ ವಿಳಾಸ ಮುದ್ರಿಸುವುದು

ಅದೇ ಕಿಟಕಿಯ ವಿಳಾಸದ ಜಾಗದಲ್ಲಿ ವಿಳಾಸ ಟೈಪ್ ಮಾಡಿ ಅಥವಾ ಅಂಟಿಸಿ. ಕಂಟ್ರೋಲ್ ಎ ಒತ್ತಿ ಆರಿಸಿಕೊಂಡು, ಶಿಫ್ಟ್ ಎಫ್10 ಒತ್ತಿದರೆ ಫಾಂಟ್ ಬದಲಿಸುವ ಆಯ್ಕೆ ಸಿಗುತ್ತದೆ. 12 ಅಳತೆ ಇಡಿ.

ಮುಂದೆ "ಸಿಂಗಲ್ ಲೇಬಲ್" ಆಯ್ಕೆ ಇದೆ. ಅದನ್ನು ಆರಿಸಿದರೆ ಎಷ್ಟನೆಯ ಸಾಲು, ಎಷ್ಟನೆಯ ಕಾಲಮ್ ಎಂದು ಕೇಳುತ್ತದೆ. ಹಿಂದೆ ಬಳಸಿದ ಹಾಳೆಯನ್ನು ಕೈಯಿಂದ ಸವರಿ. ಲೇಬಲ್ ಕಿತ್ತ ಜಾಗ ನುಣ್ಣಗೆ, ತುಸು ತಗ್ಗಾಗಿರುತ್ತದೆ. ಮೊದಲ ಸಾಲಿನ ಎರಡೂ ಕಿತ್ತಿದ್ದರೆ ಸಾಲು 2, ಕಾಲಮ್ 1 ಎಂದು ಕೊಡಿ. ಒಂದು ವಿಳಾಸಕ್ಕೆ ಒಂದು ಹಾಳೆ ಹಾಳು ಮಾಡಬೇಕಿಲ್ಲ.

ಲೇಸರ್ ಪ್ರಿಂಟರ್ ಇರುವವರಿಗೆ ಇಲ್ಲೊಂದು ಎಚ್ಚರಿಕೆ. ಲೇಬಲ್ ಕಿತ್ತ ಹಾಳೆಯನ್ನು ಮತ್ತೆ ಮತ್ತೆ ಅದರೊಳಗೆ ಕಳಿಸಬೇಡಿ. ಒಳಗಿನ ಕಾವಿಗೆ ಅಂಚು ಎದ್ದ ಲೇಬಲ್ ಕಳಚಿ ಬಿಸಿ ರೋಲರಿಗೆ ಅಂಟಿಕೊಂಡರೆ ರಿಪೇರಿಯೇ ಗತಿ. ಇಂಕ್‌ಜೆಟ್‌ನಲ್ಲಿ ಈ ಭಯ ಕಡಿಮೆ, ಆದರೆ ಹೊರಬಂದ ಕೂಡಲೇ ಮುಟ್ಟಿದರೆ ಶಾಯಿ ಕದಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅಂಚು ಹಿಡಿದು ಎತ್ತಿ.

## ಹಂತ 6: ಹಲವು ವಿಳಾಸಗಳನ್ನು ಒಟ್ಟಿಗೆ ಮುದ್ರಿಸುವುದು

ಆಲ್ಟ್, ಎಂ, ಎಸ್ ಒತ್ತಿ. ಕೆಳಬಾಣದಿಂದ "ಲೇಬಲ್ಸ್" ಹುಡುಕಿ ಎಂಟರ್ ಒತ್ತಿ, ಉಳಿಸಿಟ್ಟ ಅಳತೆ ಆರಿಸಿ. ನಂತರ "ಸೆಲೆಕ್ಟ್ ರೆಸಿಪಿಯೆಂಟ್ಸ್"ನಲ್ಲಿ ನಿಮ್ಮ ಎಕ್ಸೆಲ್ ಕಡತ ತೋರಿಸಿ. ಮೊದಲ ಲೇಬಲ್ಲಿನ ಕೋಶದಲ್ಲಿ ನಿಂತು ಆಲ್ಟ್ ಶಿಫ್ಟ್ ಎಫ್ ಒತ್ತಿ ಒಂದೊಂದು ಶೀರ್ಷಿಕೆಯನ್ನೂ ಸೇರಿಸಿ, ಪ್ರತಿಯೊಂದರ ನಂತರ ಎಂಟರ್ ಒತ್ತಿ. ಮುಗಿದ ಮೇಲೆ ಮೇಲಿಂಗ್ಸ್ ಪಟ್ಟಿಯಲ್ಲಿ "ಅಪ್‌ಡೇಟ್ ಲೇಬಲ್ಸ್" ಒತ್ತಲೇಬೇಕು. ಇದನ್ನು ಮರೆತರೆ ಒಂದೇ ಲೇಬಲ್ಲಿನಲ್ಲಿ ವಿಳಾಸ ಬಂದು ಉಳಿದವೆಲ್ಲ ಖಾಲಿ ಬರುತ್ತವೆ.

ಕೊನೆಗೆ ಆಲ್ಟ್ ಶಿಫ್ಟ್ ಎನ್. ಎಲ್ಲ ವಿಳಾಸಗಳೂ ತುಂಬಿದ ಹೊಸ ಕಡತ ಬರುತ್ತದೆ. ನೇರವಾಗಿ ಮುದ್ರಣಕ್ಕೆ ಕಳಿಸುವ ಬದಲು ಹೀಗೇ ಮಾಡಿ, ಮೊದಲ ಲೇಬಲ್ಲನ್ನೂ ಕೊನೆಯದನ್ನೂ ಕೇಳಿ ನೋಡಿ.

ಕೇಳಿದ್ದೆಲ್ಲ ಮುದ್ರಣವಾಗುತ್ತದೆ ಎಂದು ನಂಬುವುದೇ ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನರನ್ನು ಸೋಲಿಸುವ ಸಂಗತಿ. ಲೇಬಲ್ ಪುಟದ ಒಂದೊಂದು ಕೋಶಕ್ಕೂ ವರ್ಡ್ ಎತ್ತರವನ್ನು ಬಿಗಿಯಾಗಿ ಕಟ್ಟಿರುತ್ತದೆ. ವಿಳಾಸ ಒಂದು ಸಾಲು ಹೆಚ್ಚಾದರೆ ಆ ಸಾಲು ಕಡತದಲ್ಲಿ ಇರುತ್ತದೆ, ಎನ್‌ವಿಡಿಎ ಸ್ಪಷ್ಟವಾಗಿ ಓದಿಯೂ ಓದುತ್ತದೆ, ಆದರೆ ಹಾಳೆಯ ಮೇಲೆ ಮೂಡುವುದಿಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಮಾಯವಾಗುವುದು ಯಾವಾಗಲೂ ಕೊನೆಯ ಸಾಲು. ಜನ ಪಿನ್ ಬರೆಯುವುದೂ ಕೊನೆಗೇ. ಪಿನ್ ಇಲ್ಲದೆ ವಾಪಸ್ ಬಂದ ಕವರುಗಳಿಗೆ ಬಹುಮಟ್ಟಿಗೆ ಕಾರಣ ಇದು.

ಇದಕ್ಕೆ ಪರಿಹಾರ ಪಟ್ಟಿಯಲ್ಲೇ ಮಾಡಿಕೊಳ್ಳಬೇಕು. 44 ಮಿ.ಮೀ. ಎತ್ತರದ ಲೇಬಲ್ಲಿಗೆ 12 ಅಳತೆಯ ಅಕ್ಷರದಲ್ಲಿ 6 ಸಾಲು ಮಿತಿ; ಸಾಲುಗಳ ನಡುವಿನ ಅಂತರ 'ಸಿಂಗಲ್', ಪ್ಯಾರಾಗಳ ಹಿಂದೆ ಮುಂದೆ ಸೊನ್ನೆ ಇರಲಿ. ಒಂದು ಸಾಲು ತೀರ ಉದ್ದವಾದರೆ ತಾನೇ ಎರಡಾಗಿ ಮುರಿದು ಲೆಕ್ಕ ತಪ್ಪಿಸುತ್ತದೆ. ಎಕ್ಸೆಲ್‌ನ ಲೆನ್ ಸೂತ್ರ ಹಾಕಿ ಒಂದೊಂದು ಕೋಶದ ಉದ್ದ ನೋಡಿ. ಅದು ಒತ್ತು, ಗುಣಿತಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ, "ಕೃಷ್ಣ" ಎಂದರೆ 5. ಈ ಲೆಕ್ಕದಲ್ಲಿ 40 ದಾಟಿದ ಕೋಶವನ್ನು ಮೊಟಕು ಮಾಡಿ. ಜೊತೆಗೆ, ಹಂತ 2ರಲ್ಲಿ ಹೇಳಿದ ಹಾಗೆ ಪಿನ್ನನ್ನು ಜಿಲ್ಲೆಯ ಪಕ್ಕದಲ್ಲೇ ಇಟ್ಟು ಮೊಬೈಲ್ ಸಂಖ್ಯೆಯನ್ನು ಕೊನೆಗೆ ಹಾಕಿ. ಕತ್ತರಿಸಿ ಹೋದರೂ ಪಿನ್ ಉಳಿಯುತ್ತದೆ.

## ಹಂತ 7: ಸಾದಾ ಹಾಳೆಯಲ್ಲಿ ಮೊದಲು, ಲೇಬಲ್ ಹಾಳೆಯಲ್ಲಿ ಆಮೇಲೆ

ಕಂಟ್ರೋಲ್ ಪಿ ಕಿಟಕಿಯಲ್ಲಿ ಹಾಳೆಯ ಗಾತ್ರ ಎ4 ಇದೆಯೇ, ಹಿಗ್ಗಿಸುವ ಕುಗ್ಗಿಸುವ ಆಯ್ಕೆ "ನೋ ಸ್ಕೇಲಿಂಗ್" ಇದೆಯೇ ಎಂದು ಕೇಳಿಕೊಳ್ಳಿ. ಪಿಡಿಎಫ್ ಮಾಡಿ ಮುದ್ರಿಸುವವರಿಗೆ ಅದು "ಆ್ಯಕ್ಚುಯಲ್ ಸೈಜ್." ಲೆಟರ್ ಗಾತ್ರ ಅಥವಾ "ಫಿಟ್" ಇದ್ದರೆ ಇಷ್ಟು ಹೊತ್ತು ತುಂಬಿದ ಅಳತೆಯೆಲ್ಲ ವ್ಯರ್ಥ.

ಸಾದಾ ಹಾಳೆಗೆ ಒಂದು ಪುಟ ಮುದ್ರಿಸಿ. ಲೆನ್ಸ್‌ನಿಂದ ಓದಿಸಿ, ಪ್ರತಿ ವಿಳಾಸದಲ್ಲೂ ಪಿನ್ ಬಂದಿದೆಯೇ ಎಂದು ಕೇಳಿ. ಫೋನ್ ಒಂದೆರಡು ಕನ್ನಡ ಅಕ್ಷರ ತಪ್ಪಾಗಿ ಓದಿದರೆ ಗಾಬರಿ ಬೇಡ. ಅಕ್ಷರಗಳನ್ನು ಹಂತ 2ರಲ್ಲೇ ಪರೀಕ್ಷಿಸಿದ್ದೀರಿ. ಇಲ್ಲಿ ನೋಡಬೇಕಾದ್ದು ಎಲ್ಲ ಸಾಲೂ ಮೂಡಿವೆಯೇ, ಶಾಯಿ ಬಂದಿದೆಯೇ ಎಂಬುದು. ಫೋನಿಗೆ ಎರಡು ಮೂರು ಸಲವೂ ಏನೂ ಸಿಗದಿದ್ದರೆ ಶಾಯಿ ಮುಗಿದಿರಬಹುದು. ಬೀ ಮೈ ಐಸ್‌ನಂಥ ಆ್ಯಪಿನಲ್ಲಿ ಸ್ವಯಂಸೇವಕರಿಗೆ ತೋರಿಸಬಹುದು. ಆದರೆ ನೋಡುವವರು ಅಪರಿಚಿತರು. ಬೇರೆಯವರ ವಿಳಾಸ, ಮೊಬೈಲ್ ಸಂಖ್ಯೆ ತುಂಬಿದ ಪುಟವನ್ನು ಪೂರ್ತಿ ತೋರಿಸಬೇಡಿ, ನಿಮ್ಮದೇ ವಿಳಾಸದ ಒಂದು ಲೇಬಲ್ ಮುದ್ರಿಸಿ ತೋರಿಸಿ.

ಸರಿ ಇದ್ದರೆ ಲೇಬಲ್ ಹಾಳೆ ಹಾಕಿ. ಒಂದು ಸಲಕ್ಕೆ ಒಂದೇ ಹಾಳೆ. ದಪ್ಪ ಹಾಳೆಗಳು ಎರಡೆರಡು ಒಟ್ಟಿಗೆ ಒಳಗೆ ಹೋಗುತ್ತವೆ.

ಮನೆಯಲ್ಲಿ ಪ್ರಿಂಟರ್ ಇಲ್ಲದವರು ಪಿಡಿಎಫ್ ಮತ್ತು ಲೇಬಲ್ ಹಾಳೆ ಎರಡನ್ನೂ ಜೆರಾಕ್ಸ್ ಅಂಗಡಿಗೆ ಒಯ್ಯಿರಿ. "ನೂರು ಪರ್ಸೆಂಟ್ ಸೈಜ್, ಫಿಟ್ ಬೇಡ, ಮೊದಲು ಸಾದಾ ಹಾಳೆಗೆ ಒಂದು ಹೊಡೀರಿ" ಎಂದು ಸ್ಪಷ್ಟವಾಗಿ ಹೇಳಿ. ಆ ಸಾದಾ ಹಾಳೆಯನ್ನು ಲೇಬಲ್ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಲು ಅಂಗಡಿಯವರಿಗೇ ಹೇಳಬಹುದು.

## ಹಂತ 8: ಲೇಬಲ್ ನೆಟ್ಟಗೆ ಅಂಟಿಸಲು ರಟ್ಟಿನ ಅಚ್ಚು

ನೀವು ಹೆಚ್ಚಾಗಿ ಬಳಸುವ ಕವರಿನಷ್ಟೇ ಅಳತೆಯ ರಟ್ಟು ಕತ್ತರಿಸಿ. ಅದರ ಬಲ ಮೇಲ್ಮೂಲೆಯನ್ನು ಓರೆಯಾಗಿ ಸಣ್ಣಗೆ ಕತ್ತರಿಸಿ. ಅಚ್ಚಿನ ಮೇಲೆ ಯಾವುದು, ಕೆಳಗೆ ಯಾವುದು ಎಂದು ಇನ್ನು ಮರೆಯುವುದಿಲ್ಲ. ಓರೆಯ ಕೆಳಗೆ ಅಂಚೆಚೀಟಿಗೆ ಒಂದು ಕಿಟಕಿ. ಕೆಳಭಾಗದಲ್ಲಿ, ನಡುವಿನಿಂದ ಸ್ವಲ್ಪ ಬಲಕ್ಕೆ, ಲೇಬಲ್ಲಿಗಿಂತ 2 ಮಿ.ಮೀ. ದೊಡ್ಡದಾದ ಕಿಟಕಿ. ಎಡ ಮೇಲ್ಭಾಗ ಖಾಲಿ ಇರಲಿ, ಸ್ಪೀಡ್ ಪೋಸ್ಟಿನ ಬಾರ್‌ಕೋಡ್ ಚೀಟಿ ಅಂಟಿಸಲು ಜಾಗ ಬೇಕು. ರಟ್ಟು ಕತ್ತರಿಸುವ ಕೆಲಸಕ್ಕೆ ಒಮ್ಮೆ ಯಾರಾದರೂ ಕೈಜೋಡಿಸಿದರೆ ವರ್ಷಗಟ್ಟಲೆ ಬಾಳುತ್ತದೆ.

ಕವರಿನ ಮುಖ ತಿಳಿಯುವುದು ಮುಚ್ಚಳದಿಂದ. ಉದ್ದದ ಬದಿಗೆ ಮುಚ್ಚಳವಿರುವ ಕವರನ್ನು, ಮುಚ್ಚಳ ನಿಮ್ಮ ಕಡೆಗೆ ಕಾಣುವಂತೆ, ಅದರ ಮಡಿಕೆ ಮೇಲಿರುವಂತೆ ಹಿಡಿಯಿರಿ. ಪುಸ್ತಕದ ಹಾಳೆ ತಿರುವಿದಂತೆ ಎಡಬಲಕ್ಕೆ ತಿರುಗಿಸಿ. ಮಡಿಕೆ ಈಗಲೂ ಮೇಲೇ ಇದೆ, ವಿಳಾಸದ ಮುಖ ನಿಮ್ಮೆದುರಿಗಿದೆ. ಅಚ್ಚನ್ನು ಅದರ ಮೇಲೆ ಸರಿಯಾಗಿ ಕೂರಿಸಿ.

ಲೇಬಲ್ ಕೀಳುವಾಗ ಹಾಳೆಯನ್ನು ಕತ್ತರಿಸಿದ ಗೆರೆಯ ಬಳಿ ಹಿಂದಕ್ಕೆ ಬಗ್ಗಿಸಿದರೆ ಅಂಚು ತಾನೇ ಏಳುತ್ತದೆ. ಯಾವಾಗಲೂ ಮೇಲಂಚಿನಿಂದಲೇ ಕೀಳಿ, ಆ ಅಂಚನ್ನು ಬೆರಳು ಬಿಡದೆ ಹಿಡಿದೇ ಅಂಟಿಸಿ. ಒಮ್ಮೆ ಕೈಬಿಟ್ಟು ಕೆಳಗಿಟ್ಟರೆ ಮೇಲೆ ಕೆಳಗೆ ಗೊತ್ತಾಗುವುದಿಲ್ಲ. ಹಲವನ್ನು ಕಿತ್ತು ಮೇಜಿನ ಅಂಚಿಗೆ ಅಂಟಿಸಿಟ್ಟುಕೊಳ್ಳುವ ಅಭ್ಯಾಸ ಇದೇ ಕಾರಣಕ್ಕೆ ಬೇಡ.

ಒಬ್ಬರ ಪತ್ರ ಇನ್ನೊಬ್ಬರ ಕವರಿಗೆ ಹೋಗದಿರಲು: ಲೇಬಲ್ಲುಗಳು ಎಡದಿಂದ ಬಲಕ್ಕೆ, ಆಮೇಲೆ ಕೆಳಗಿನ ಸಾಲಿಗೆ, ನಿಮ್ಮ ಪಟ್ಟಿಯ ಕ್ರಮದಲ್ಲೇ ಮುದ್ರಣವಾಗಿರುತ್ತವೆ. ಪತ್ರಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿಟ್ಟು, ಒಂದು ಕವರಿಗೆ ಲೇಬಲ್ ಅಂಟಿಸಿ, ಅದರ ಪತ್ರ ಹಾಕಿ, ಮುಚ್ಚಿ, ಆಮೇಲೆ ಮುಂದಿನದು. ಎಲ್ಲ ಲೇಬಲ್ ಮೊದಲು, ಎಲ್ಲ ಪತ್ರ ಆಮೇಲೆ ಎಂದು ಹೊರಟರೆ ಒಂದು ಕವರ್ ಜಾರಿ ಬಿದ್ದರೂ ಪೂರ್ತಿ ಕ್ರಮ ಕೆಡುತ್ತದೆ. ನಿಮ್ಮದೇ ವಿಳಾಸದ "ಇಂದ" ಲೇಬಲ್ಲುಗಳನ್ನು ಒಂದು ಹಾಳೆ ಪೂರ್ತಿ ಮುದ್ರಿಸಿಟ್ಟುಕೊಂಡು ಕವರಿನ ಹಿಂಬದಿಗೆ ಅಂಟಿಸಿ. ಗುರಿ ತಪ್ಪಿದ ಪತ್ರ ನಿಮಗೇ ಮರಳುವುದು ಅದರಿಂದ.

## ಹಂತ 9: ತೂಕ ಮತ್ತು ಅಂಚೆಚೀಟಿ

ಸಾದಾ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ. 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಎ4 ಹಾಳೆ ಒಂದು ಸುಮಾರು 5 ಗ್ರಾಂ ತೂಗುತ್ತದೆ. ಕವರಿನ ತೂಕ ಸೇರಿಸಿದರೆ 2 ಹಾಳೆಯವರೆಗೆ ನಿಶ್ಚಿಂತೆ. ಅದನ್ನು ದಾಟಿದರೆ ಕೌಂಟರಿನಲ್ಲಿ ತೂಗಿಸಿ. ಚೀಟಿ ಕಡಿಮೆಯಾದರೆ ಕೊರತೆಯ ಎರಡರಷ್ಟನ್ನು ಪತ್ರ ಪಡೆಯುವವರಿಂದ ವಸೂಲಿ ಮಾಡುತ್ತಾರೆ.

ಬೇರೆ ಬೇರೆ ಬೆಲೆಯ ಚೀಟಿಗಳನ್ನು ಬೆರಳಿನಿಂದ ಗುರುತಿಸಲಾಗದು. ಒಂದೊಂದು ಬೆಲೆಗೆ ಬೇರೆ ಕವರ್, ಮೇಲೆ ಬ್ರೈಲ್ ಅಂಕಿ. ಇನ್ನೂ ಸುಲಭ ಬೇಕೆಂದರೆ ಅಂಚೆ ಕಚೇರಿಯಲ್ಲಿ ಸಿಗುವ, ಚೀಟಿ ಮೊದಲೇ ಮುದ್ರಿಸಿರುವ 5 ರೂಪಾಯಿಯ ಕವರನ್ನೇ ಬಳಸಿ. ಚೀಟಿಯ ಗೋಂದನ್ನು ಪೂರ್ತಿ ನಂಬಬೇಡಿ, ಗ್ಲೂ ಸ್ಟಿಕ್ ಒಮ್ಮೆ ಆಡಿಸಿ.

## ಹಂತ 10: ಕೌಂಟರಿನಲ್ಲಿ

ಅರ್ಜಿ, ದಾಖಲೆಗಳಂಥ ಮುಖ್ಯ ಕಾಗದವನ್ನು ಪೆಟ್ಟಿಗೆಗೆ ಹಾಕದೆ ಸ್ಪೀಡ್ ಪೋಸ್ಟ್ ಮಾಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ವಿಳಾಸದಾರರ ಕೈಗೇ ತಲುಪಬೇಕೆಂದರೆ ಸ್ಪೀಡ್ ಪೋಸ್ಟ್ ಜೊತೆಗೆ ನೋಂದಣಿಯನ್ನು ಕೇಳಿ ಪಡೆಯಬೇಕು, ಅದಕ್ಕೆ ಸಣ್ಣ ಶುಲ್ಕ ಬೇರೆ.

ಕವರ್ ಕೊಡುವಾಗ ಹೀಗೆ ಕೇಳಿ: "ಸರ್, ಪಿನ್ ಹಾಕಿದಾಗ ಕಂಪ್ಯೂಟರಿನಲ್ಲಿ ಯಾವ ಊರು ಬಂತು ಹೇಳ್ತೀರಾ?" ನೀವು ಕಳಿಸುತ್ತಿರುವುದು ಶಿರಸಿಗೆ, ಅವರು ಹೇಳಿದ್ದು ಕಾರವಾರ ಎಂದಾದರೆ ತಪ್ಪು ಅಲ್ಲೇ ಸಿಕ್ಕಿತು. ಲೇಬಲ್ ಬಗ್ಗೆ ಉಳಿದಿರುವ ಸಂಶಯವೂ ಈ ಒಂದು ಪ್ರಶ್ನೆಯಿಂದ ತೀರುತ್ತದೆ. ನಿಮ್ಮ ಮೊಬೈಲ್ ಸಂಖ್ಯೆ ಕೊಡಿ, ಸಂದೇಶಗಳು ಅದಕ್ಕೇ ಬರುತ್ತವೆ.

ರಸೀದಿಯ ಸಂಖ್ಯೆಯನ್ನು ಅಲ್ಲೇ ಓದಿಸಿ ಧ್ವನಿಮುದ್ರಿಸಿಕೊಳ್ಳಿ. ಒಟ್ಟು 13: ಇ ಯಿಂದ ಶುರುವಾಗುವ ಎರಡು ಇಂಗ್ಲಿಷ್ ಅಕ್ಷರ, 9 ಅಂಕಿ, ಕೊನೆಗೆ ಐ ಎನ್. ಎಣಿಸಿದಾಗ ಕಡಿಮೆ ಬಂದರೆ ಮತ್ತೆ ಓದಿಸಿ. ಕೌಂಟರಿನ ರಸೀದಿಯ ಅಕ್ಷರ ದಿನ ಕಳೆದಂತೆ ಮಸುಕಾಗುತ್ತದೆ, ಆಮೇಲೆ ಫೋನಿಗೂ ಸಿಗುವುದಿಲ್ಲ. ಜಾಲತಾಣದಲ್ಲಿ ಹುಡುಕಲು ಹೋದಾಗ ಚಿತ್ರದ ಕ್ಯಾಪ್ಚಾ ಅಡ್ಡ ಬಂದರೆ ಅಂಚೆ ಇಲಾಖೆಯ ಉಚಿತ ಸಹಾಯವಾಣಿ 1800 266 6868ಕ್ಕೆ ಕರೆ ಮಾಡಿ ಆ ಸಂಖ್ಯೆ ಹೇಳಿ.

## ಬ್ರೈಲ್ ಕಾಗದಗಳಿಗೆ ಅಂಚೆ ವೆಚ್ಚವಿಲ್ಲ

ಬ್ರೈಲ್‌ನಲ್ಲಿರುವ ಪತ್ರ, ಪುಸ್ತಕ, ಪತ್ರಿಕೆಗಳನ್ನು 7 ಕಿಲೋವರೆಗೆ ಭೂಮಾರ್ಗದಲ್ಲಿ ಉಚಿತವಾಗಿ ಕಳಿಸಬಹುದು. ಇದು ಗೊತ್ತಿಲ್ಲದೆ ದುಡ್ಡು ಕೊಡುವವರು ತುಂಬ ಜನ. ಕೆಲವು ಕಡೆ ಕೌಂಟರಿನವರಿಗೂ ಹೊಸ ವಿಷಯವಾಗಿರುತ್ತದೆ. "ಬ್ಲೈಂಡ್ ಲಿಟರೇಚರ್ ಪ್ಯಾಕೆಟ್" ಎಂದು ಅದರ ಹೆಸರು ಹೇಳಿ, ಗೊತ್ತಿಲ್ಲವೆಂದರೆ ಪೋಸ್ಟ್ ಮಾಸ್ಟರರನ್ನು ಕೇಳಿ.

ವಿಳಾಸದ ಮುಖದ ಮೇಲ್ಭಾಗದಲ್ಲಿ "ಲಿಟರೇಚರ್ ಫಾರ್ ದ ಬ್ಲೈಂಡ್" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇರಬೇಕು, ಕಳಿಸುವವರ ಮತ್ತು ಪಡೆಯುವವರ ವಿಳಾಸ ಎರಡೂ ಇರಬೇಕು. ಈ ಸಾಲಿನದೇ ಒಂದು ಲೇಬಲ್ ಹಾಳೆ ಮುದ್ರಿಸಿಟ್ಟುಕೊಳ್ಳಿ. ಪೊಟ್ಟಣವನ್ನು ಅಂಟಿಸಿ ಮುಚ್ಚಬೇಡಿ. ತೆರೆದು ಪರೀಕ್ಷಿಸುವಂತೆ ತುದಿ ಬಿಟ್ಟು ದಾರದಿಂದ ಕಟ್ಟಿ. ಒಳಗೆ ಶಾಯಿಯಲ್ಲಿ ಬರೆದ ಖಾಸಗಿ ಪತ್ರ ಸೇರಿಸಿದರೆ ರಿಯಾಯಿತಿ ಹೋಗುತ್ತದೆ. ಹಾಳೆಗಳ ಮೇಲೂ ಕೆಳಗೂ ರಟ್ಟು ಇಡಿ, ಇಲ್ಲದಿದ್ದರೆ ಚೀಲದ ಭಾರಕ್ಕೆ ಚುಕ್ಕೆಗಳು ಚಪ್ಪಟೆಯಾಗುತ್ತವೆ.

## ಜೊತೆಯಲ್ಲಿರುವ ಕಣ್ಣುಳ್ಳವರಿಗೆ

ಹಂತ 3ರ ಪರೀಕ್ಷೆ, ಹಂತ 4ರ ಅಳತೆ, ಹಂತ 8ರ ಅಚ್ಚು: ನಿಮ್ಮ ನೆರವು ಬೇಕಾಗುವುದು ಈ ಮೂರು ಕಡೆ, ಅದೂ ಒಂದೊಂದು ಸಲ. ಆಮೇಲೆ ಪ್ರಿಂಟರಿನ ತಟ್ಟೆಯನ್ನು, ಲೇಬಲ್ ಹಾಳೆಯ ಕಟ್ಟನ್ನು ಕೇಳದೆ ಜರುಗಿಸಬೇಡಿ. ಮಕ್ಕಳು ಶಾಲೆಯ ಪ್ರಾಜೆಕ್ಟ್ ಮುದ್ರಿಸಿ ಪ್ರಿಂಟರಿನ ಸೆಟ್ಟಿಂಗ್ ಬದಲಿಸಿದ್ದರೆ ಅದನ್ನು ಹೇಳಿಬಿಡಿ. ಲೇಬಲ್ ಓರೆಯಾಗಿ ಅಂಟಿದ್ದರೆ ಕಿತ್ತು ನೀವೇ ಅಂಟಿಸಬೇಡಿ. "ಬಲಗಡೆ ತುದಿ ಬೆರಳಗಲ ಕೆಳಗಿದೆ" ಎಂದು ಹೇಳಿ, ಮುಂದಿನದನ್ನು ಅವರೇ ಸರಿಪಡಿಸಿಕೊಳ್ಳುತ್ತಾರೆ. ವಿಳಾಸ ಓದಲು ಬರುವಂತಿದ್ದರೆ, ಪಿನ್ ಸರಿಯಿದ್ದರೆ, ಸ್ವಲ್ಪ ಓರೆಯಾದ ಲೇಬಲ್ಲಿಗೆ ಅಂಚೆಯವರ ತಕರಾರಿಲ್ಲ.